ಮೂರು ಗಂಟೆಗೆ ಕತ್ತಲಾಗುವ ಊರಿಗೆ ಇರುಳುಗಣ್ಣಿನ ಅಣ್ಣನ ಜೊತೆ

ಬಾಳಗಡಿ

ಸಂಜೆಯಾದರೆ ಕಣ್ಣು ಕಾಣದವರನ್ನೆಲ್ಲ ಹುಡುಕಿ ಹುಡುಕಿ, ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಗುವ ದೇಶಕ್ಕೆ, ಅದೂ ಡಿಸೆಂಬರ್ ತಿಂಗಳಲ್ಲಿ ಕರೆಸಬೇಕು ಎಂದು ಯಾರ ತಲೆಗೆ ಹೊಳೆಯಿತೋ, ಅವರ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಒಂದು ಡಬ್ಬಿ ಚಟ್ನಿಪುಡಿ ಕಳಿಸುತ್ತಿದ್ದೆ. ಅವರ ದಯೆಯಿಂದ ನಾನೂ ನನ್ನ ಅಣ್ಣ ರಾಘಣ್ಣನೂ ಎಸ್ಟೋನಿಯಾ ಎಂಬ ದೇಶವನ್ನು ನೋಡಿ ಬಂದೆವು. ಸರಿಯಾಗಿ ಹೇಳಬೇಕೆಂದರೆ ನೋಡಿದ್ದು ನಾನು. ಅವನು ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಮಾತ್ರ ನೋಡಿದ.

ಅಣ್ಣನಿಗೆ ಚಿಕ್ಕಂದಿನಿಂದ ಇರುಳುಗಣ್ಣು. ನರಸಿಂಹರಾಜಪುರದ ಪೇಟೆಯಲ್ಲಿ ಅವನದ್ದು ಮೊಳೆ, ಬಣ್ಣ, ಪೈಪು ಮಾರುವ ಅಂಗಡಿ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಾದ್ದರಿಂದ ಐದಕ್ಕೇ ಷಟರ್ ಎಳೆಯುತ್ತಾನೆ. ಆ ಷಟರಿನ ಸದ್ದು ಕೇಳಿ ಅಕ್ಕಪಕ್ಕದ ಅಂಗಡಿಯವರು ಎರಡನೇ ಕಾಫಿಗೆ ಏಳುತ್ತಾರೆ. ಕತ್ತಲಲ್ಲಿ ನಡೆಯಲೇಬೇಕಾದರೆ ಮುಂದೆ ಹೋಗುವವರ ಹೆಗಲ ಮೇಲೆ ಕೈ ಇಡುತ್ತಾನೆ. ನನಗೆ ನಡೆಯಲು ಬಂದಾಗಿನಿಂದ ಆ ಹೆಗಲು ಹೆಚ್ಚಾಗಿ ನನ್ನದೇ. ಆದರೆ ಹಗಲು ಹೊತ್ತು ಕೈ ಕೊಡಲು ಹೋದಿರೋ, ಸಿಡಿದು ಬೀಳುತ್ತಾನೆ. "ನಂಗೆ ಕಾಣ್ತದೆ ಮಾರಾಯ್ತಿ. ನಾನೆಂತ ಕುರುಡನಾ?" ಎಂದು ಕೈ ಕೊಡವಿ ಮುಂದೆ ನಡೆಯುತ್ತಾನೆ.

ನನ್ನ ಮಗಳು ಶುಭಾ ಮತ್ತು ಅವನ ಮಗ ವಿನಯ ಮದುವೆಯಾಗುವುದೆಂದು ನಿಶ್ಚಯಿಸಿಕೊಂಡಿದ್ದರು. ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ಹೊಸದೇನಲ್ಲ. ಎಲ್ಲರೂ ಒಪ್ಪಿದರು, ಅಣ್ಣ ಒಬ್ಬ ಒಪ್ಪಲಿಲ್ಲ. ಕಣ್ಣಿನ ಡಾಕ್ಟರು ಅವನಿಗೆ ಲೆಕ್ಕ ಬಿಡಿಸಿ ಹೇಳಿದ್ದರು: ಈ ರೋಗ ಬರಬೇಕಾದರೆ ತಂದೆಯಿಂದೊಂದು, ತಾಯಿಯಿಂದೊಂದು, ಎರಡು ದೋಷ ಕೂಡಬೇಕು. ವಿನಯನಿಗೆ ಅಪ್ಪನಿಂದ ಒಂದು ಬಂದೇ ಇದೆ, ಒಂದರಿಂದ ಏನೂ ಆಗುವುದಿಲ್ಲ. ಆದರೆ ಶುಭಾಳಿಗೂ ನನ್ನ ಮೂಲಕ ಅದೇ ದೋಷ ಇಳಿದಿದ್ದರೆ, ಹುಟ್ಟುವ ಮಕ್ಕಳಿಗೆ ಎರಡೂ ಕೂಡಿಬಿಡಬಹುದು.

"ಶುಭನ ರಕ್ತ ಪರೀಕ್ಷೆ ಆಗ್ಲಿ. ಅದ್ರಲ್ಲಿ ದೋಷ ಇಲ್ಲ ಅಂತಾದ್ರೆ ನಾನೇ ಚಪ್ಪರ ಹಾಕಿಸ್ತೆ. ಇದೆ ಅಂತಾದ್ರೆ ಇಲ್ಲ. ನನ್ನ ಕಣ್ಣು ನನ್ನೊಟ್ಟಿಗೇ ಮುಗೀಲಿ" ಎಂದ ಅಣ್ಣ. ಶುಭಾ ಅಡುಗೆಮನೆಯಲ್ಲಿ ಅತ್ತಳು. ನನಗೂ ಅಳು ಬಂತು, ಆದರೆ ಬಾಳಗಡಿಯ ಕಾಲೇಜಿನೆದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ, ಪರೀಕ್ಷೆಯ ಸಮಯದಲ್ಲಿ ಅಳಲು ಪುರಸೊತ್ತಿರುವುದಿಲ್ಲ.

ನಮ್ಮ ನಾಲ್ವರ ರಕ್ತವೂ ಡಾಕ್ಟರ ಮೂಲಕ ಎಸ್ಟೋನಿಯಾದ ಒಂದು ಪ್ರಯೋಗಾಲಯಕ್ಕೆ ಹೋಯಿತು. ವಂಶದಲ್ಲಿ ಇಳಿದು ಬರುವ ಕಣ್ಣಿನ ರೋಗಗಳನ್ನು ಒಂದು ಗಾಜಿನ ಚೂರಿನ ಮೇಲೆ ಪತ್ತೆ ಮಾಡುತ್ತಾರಂತೆ. ಉತ್ತರ ಬಂತು: ಏನೂ ಸಿಗಲಿಲ್ಲ. ಅಣ್ಣ ಕುಣಿದಾಡಿದ. ಡಾಕ್ಟರು ಕೂರಿಸಿದರು. ಆ ಗಾಜಿನಲ್ಲಿ ಇರುವುದು ಇದುವರೆಗೆ ಕಂಡುಹಿಡಿದ ದೋಷಗಳು ಮಾತ್ರ, ಅವೂ ಹೆಚ್ಚಾಗಿ ಅಲ್ಲಿನ ಬಿಳಿಯರಲ್ಲಿ ಕಂಡವು. ನಮ್ಮ ಕಡೆಯವರನ್ನು ಯಾರೂ ಅಷ್ಟಾಗಿ ಹುಡುಕಿಯೇ ಇಲ್ಲ. ಕೊಪ್ಪದ ಬಸ್ಸಿನ ಬೋರ್ಡಿನಲ್ಲಿ ಶೆಟ್ಟಿಕೊಪ್ಪದ ಹೆಸರಿಲ್ಲ ಎಂದರೆ ಆ ಊರೇ ಇಲ್ಲ ಎಂದಾಗುತ್ತದೆಯೇ? ಆದ್ದರಿಂದ ಬೇರೆ ಬೇರೆ ದೇಶದ ಕುಟುಂಬಗಳನ್ನು ಆ ಪ್ರಯೋಗಾಲಯದವರೇ ಖರ್ಚು ಹಾಕಿ ಕರೆಸಿ, ಕಣ್ಣು ನೋಡಿ, ರಕ್ತವನ್ನು ಇಡಿಯಾಗಿ ಓದುತ್ತಾರಂತೆ. ರೋಗಿಯ ಜೊತೆ ಒಬ್ಬರು ಬರಬಹುದು. ಅತ್ತಿಗೆಗೆ ಶೃಂಗೇರಿಗೆ ಹೋಗುವ ಬಸ್ಸಿನಲ್ಲೇ ವಾಂತಿ. ಹಾಗಾಗಿ ನಾನು ಹೊರಟೆ.

ಆಕಾಶ

ಅಣ್ಣ ತನ್ನ ಅಂಗಡಿಯಿಂದ ಒಂದು ಉದ್ದನೆಯ ಟಾರ್ಚ್ ತಂದಿದ್ದ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿ, ಸೆಲ್ ತೆಗೆದು, ಮೂಸಿ ನೋಡಿ ವಾಪಸ್ ಕೊಟ್ಟರು. ಕೊಡದಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ ವಿಮಾನದ ದೀಪಗಳನ್ನು ಆರಿಸಿದರು. ನನಗೆ ಜೊಂಪು ಹತ್ತಿತ್ತು. ಅಣ್ಣ ನನ್ನನ್ನು ಎಬ್ಬಿಸಬಾರದೆಂದು, ಪಾಪ, ಟಾರ್ಚ್ ಹಾಕಿಕೊಂಡು ಒಬ್ಬನೇ ಶೌಚಕ್ಕೆ ಹೋದ. ಹೋಗುವಾಗ ಸಾಲಾಗಿ ಮಲಗಿದವರೆಲ್ಲರ ಮುಖದ ಮೇಲೆ ಬೆಳಕು ಬಿಟ್ಟುಕೊಂಡು ಹೋದ. ಬರುವಾಗ ನನ್ನನ್ನು ಹುಡುಕಬೇಕಾದ್ದರಿಂದ ಮತ್ತೊಮ್ಮೆ ಎಲ್ಲರ ಮುಖಕ್ಕೂ ಬಿಟ್ಟ. ಗಗನಸಖಿ ಓಡಿ ಬಂದು ಟಾರ್ಚ್ ಕಸಿದುಕೊಂಡಳು. ಅವನು ಕೈಗೆ ಸಿಕ್ಕಿದ ಖಾಲಿ ಸೀಟಿನಲ್ಲಿ ಕೂತ. ನಾನು ಎದ್ದು ನೋಡುವಾಗ ಆರು ಸಾಲು ಹಿಂದೆ, ಹೆಂಗಸರ ಮಫ್ಲರ್ ಹೆಗಲಿಗೆ ಹಾಕಿಕೊಂಡು, ಪಕ್ಕದ ದಪ್ಪ ಬಿಳಿಯನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ. ಸೀಟಿನ ಯಜಮಾನಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು.

"ಆ ಮನುಷ್ಯ ಒಳ್ಳೆಯವ. ಒಂದು ಮಾತೂ ಆಡ್ಲಿಲ್ಲ" ಎಂದ ಬೆಳಿಗ್ಗೆ.

ತಾಲಿನ್, ಮೊದಲ ದಿನ

ರಾಜಧಾನಿ ತಾಲಿನ್‌ನಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಕಾದ್ರಿ ಎಂಬ ಹುಡುಗಿ ಬಂದಿದ್ದಳು. ಕುಟುಂಬಗಳಿಗೆ ರೋಗದ ವಿಷಯ ತಿಳಿಸಿ ಹೇಳುವುದೇ ಅವಳ ಕೆಲಸ. ಇಂಗ್ಲಿಷನ್ನು ನನ್ನ ಹಾಗೇ ನಿಧಾನವಾಗಿ, ಯೋಚಿಸಿ ಆಡುತ್ತಿದ್ದಳು. ಹೆಸರು ಕೇಳಿ ಅಣ್ಣನಿಗೆ ಬಹಳ ಸಮಾಧಾನವಾಯಿತು. "ಮಂಗಳೂರಿನ ದೇವಸ್ಥಾನದ ಹೆಸರು ಇಟ್ಟಿದಾರೆ. ಸಂಸ್ಕಾರವಂತರು" ಎಂದ.

ಅವಳ ಕೋಟಿನಿಂದ ಒಂದು ದಾರ ಇಳಿಬಿದ್ದು, ದಾರದ ತುದಿಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ ನೇತಾಡುತ್ತಿತ್ತು. ಅಂಗಡಿಯ ಚೀಟಿ ಕೀಳಲು ಮರೆತಿದ್ದಾಳೆ ಎಂದುಕೊಂಡು ಸುಮ್ಮನಿದ್ದೆ. ಹೊರಗೆ ಬಂದರೆ ಮುದುಕರು, ಮಕ್ಕಳು, ಪೊಲೀಸರು, ಎಲ್ಲರ ಕೋಟಿನಲ್ಲೂ ಒಂದೊಂದು ಬಿಲ್ಲೆ. ಕತ್ತಲೆಯಲ್ಲಿ ಕಾರಿನ ಬೆಳಕು ಬಿದ್ದಾಗ ಹೊಳೆಯಲೆಂದು ಹಾಗೆ ಕಟ್ಟಿಕೊಳ್ಳುವುದು ಅಲ್ಲಿನ ಕಾನೂನು. ಕಾಡಿಗೆ ಮೇಯಲು ಹೋಗುವ ದನಕ್ಕೆ ನಾವು ಗಂಟೆ ಕಟ್ಟುತ್ತೇವಲ್ಲ, ಇವರು ತಮಗೇ ಕಟ್ಟಿಕೊಂಡಿದ್ದಾರೆ. ಕಾದ್ರಿ ನಮಗೂ ಒಂದೊಂದು ಕೊಟ್ಟಳು. ನನ್ನದು ನಕ್ಷತ್ರ. ಅಣ್ಣನದು ಕರಡಿ. ಅವನು ಗಣಪತಿ ಇಲ್ಲವೇ ಎಂದು ನನ್ನಿಂದ ಕೇಳಿಸಿದ.

ಪ್ರಯೋಗಾಲಯದ ಕಟ್ಟಡದಲ್ಲಿ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಕಿಟಕಿಯಾಚೆ ಕತ್ತಲೆ. ಅಣ್ಣ ವಾಚನ್ನು ಕಿವಿಗಿಟ್ಟು ಅಲ್ಲಾಡಿಸಿದ.

"ಶಾರದೆ, ಗಂಟೆ ಎಷ್ಟಾಯ್ತೆ?"

"ಮೂರೂಕಾಲು."

"ಮಧ್ಯಾಹ್ನದ್ದಾ?"

"ಮಧ್ಯಾಹ್ನದ್ದೇ, ಅಣ್ಣಯ್ಯ."

"ಇಲ್ಲಿ ಅಂಗಡಿ ಇಟ್ರೆ ಬಾಗ್ಲು ತೆಗೆದು ಗುಡಿಸೂದು, ಹಾಕೂದು. ವ್ಯಾಪಾರ ಎಲ್ಲಿಂದ ಬಂತು" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟ.

ಆ ಕಟ್ಟಡದ ಬಾಗಿಲಲ್ಲಿ ನಮ್ಮ ಹಾಗೇ ಸಿಕ್ಕಿಹಾಕಿಕೊಂಡವರು ಇನ್ನೂ ನಾಲ್ಕೈದು ಜನ ಇದ್ದರು. ತುರ್ಕಿಯ ಒಬ್ಬ ಅಜ್ಜ, ಕೀನ್ಯಾದ ಒಬ್ಬ ಮೇಷ್ಟ್ರು, ಇರಾನಿನ ಅಕ್ಕತಂಗಿಯರು. ದೇಶ ಬೇರೆ, ಭಾಷೆ ಬೇರೆ, ಕತ್ತಲೆ ಒಂದೇ. ಎಲ್ಲರೂ ಗೋಡೆ ಹಿಡಿದು ನಿಂತಿದ್ದರು. ಅಣ್ಣ ನನ್ನ ಹೆಗಲು ಹಿಡಿದಿದ್ದನ್ನು ಕೈಯಲ್ಲೇ ತಡವಿ ತಿಳಿದ ತುರ್ಕಿ ಅಜ್ಜ, ಅಣ್ಣನ ಹೆಗಲು ಹಿಡಿದ. ಅಜ್ಜನ ಹೆಗಲನ್ನು ಮೇಷ್ಟ್ರು ಹಿಡಿದರು. ಹಿಂದಿನಿಂದ ಅಕ್ಕತಂಗಿಯರು ಸೇರಿದರು. ಕಾದ್ರಿ ಓಡಿ ಬಂದು ನೋಡುವಾಗ ನಾನು ಒಂದು ರೈಲಿಗೆ ಇಂಜಿನ್ ಆಗಿದ್ದೆ.

ಹಿಮದ ಮೇಲೆ ಹಾಗೇ ಹೊರಟೆವು. ಟ್ರಾಮ್ ನಿಂತಿತು, ಕಾರುಗಳು ನಿಂತವು, ನಮ್ಮ ಬಿಲ್ಲೆಗಳು ಸಾಲಾಗಿ ಹೊಳೆದವು. ಅಲ್ಲಿನ ಜನ ಗುರುತಿಲ್ಲದವರ ಜೊತೆ ಮಾತಾಡುವುದಿಲ್ಲ, ನಗುವುದೂ ಇಲ್ಲ. ಅಂದು ಒಬ್ಬ ಮುದುಕ ಮಾತ್ರ ಟೋಪಿ ತೆಗೆದ, ಶವಯಾತ್ರೆ ಎಂದುಕೊಂಡನೋ ಏನೋ. ಹಿಂದೆ ತುರ್ಕಿ ಅಜ್ಜ ತುರ್ಕಿಯಲ್ಲಿ ಏನೋ ಹೇಳುತ್ತಿದ್ದ, ಅಣ್ಣ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ವಸತಿಗೃಹ ತಲುಪುವಾಗ ಇಬ್ಬರಿಗೂ ಗಾಢ ಸ್ನೇಹವಾಗಿತ್ತು.

"ಅವ್ರಿಗೂ ಸಂಜೆ ಮೊದ್ಲೇ ಅಂಗಡಿ ಮುಚ್ಚಬೇಕಂತೆ" ಎಂದ ಅಣ್ಣ.

"ನಿಂಗೆ ಹೆಂಗೆ ಗೊತ್ತಾಯ್ತು?"

"ಅಷ್ಟೂ ಗೊತ್ತಾಗೂದಿಲ್ವನೆ?"

ಚೌಕ ಮತ್ತು ಸೊನ್ನೆ

ಮರುದಿನ ಪರೀಕ್ಷೆ. ಅಣ್ಣನ ಕಣ್ಣಿಗೆ ಹನಿ ಬಿಟ್ಟು, ಕಪ್ಪು ಕೋಣೆಯಲ್ಲಿ ಕೂರಿಸಿ, ದೀಪ ಆರಿಸಿದರು. ಕತ್ತಲೆಗೆ ಹೊಂದಿಕೊಂಡ ಮೇಲೆ ಕಣ್ಣಿನ ವಿದ್ಯುತ್ತನ್ನು ಅಳೆಯುವುದಂತೆ. ಮಲೆನಾಡಿನವನಿಗೆ ಇದ್ದಕ್ಕಿದ್ದಂತೆ ಕತ್ತಲಾದರೆ ಏನನಿಸುತ್ತದೆಯೋ ಅದೇ ಅವನಿಗೂ ಅನಿಸಿತು. "ಕರೆಂಟ್ ಹೋಯ್ತು. ಲೈನ್‌ಮನ್‌ಗೆ ಹೇಳಿ" ಎಂದು ಎರಡು ಸಲ ಕೂಗಿದ. ಯಾರೂ ಬಾರದ್ದರಿಂದ, ಇನ್ನು ನಾಳೆಯೇ ಬರುವುದು ಎಂದು ನಿದ್ದೆ ಹೋದ. ಅವನ ಗೊರಕೆಗೆ ಯಂತ್ರದ ಗೆರೆಗಳು ಎಲ್ಲೆಲ್ಲೋ ಏರಿದವಂತೆ. ಇನ್ನೊಮ್ಮೆ ಮಾಡಬೇಕಾಯಿತು.

ಆಮೇಲೆ ಕಾದ್ರಿ ವಂಶವೃಕ್ಷ ಬರೆಯಲು ಕೂತಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಸಂಬಂಧದೊಳಗೆ ಮದುವೆಯಾಗಿದ್ದರೆ ನಡುವೆ ಜೋಡಿ ಗೆರೆ. ನಮ್ಮ ಅಮ್ಮ ಅಪ್ಪನಿಗೆ ಸೋದರಮಾವನ ಮಗಳು, ಜೋಡಿ ಗೆರೆ. ಅಜ್ಜಿ ಅಜ್ಜನಿಗೆ ಅಕ್ಕನ ಮಗಳು, ಜೋಡಿ ಗೆರೆ. ದೊಡ್ಡಪ್ಪನ ಹೆಂಡತಿ ಅಮ್ಮನ ತಂಗಿ, ಬಸರೀಕಟ್ಟೆಯ ಅತ್ತೆಯ ಗಂಡ ಅಜ್ಜಿಯ ತಮ್ಮ. ಕಾಗದ ಮುಗಿಯಿತು. ಅವಳು ಟೇಪ್ ಹಚ್ಚಿ ಇನ್ನೊಂದು ಹಾಳೆ ಜೋಡಿಸಿದಳು. ನೋಡಲು ಬೀರೂರು ಜಂಕ್ಷನ್ನಿನ ಹಳಿಗಳ ಹಾಗೆ ಕಾಣುತ್ತಿತ್ತು. ತನಗೆ ಇರುವುದು ಇಬ್ಬರೇ ದಾಯಾದಿಗಳು, ಅದರಲ್ಲಿ ಒಬ್ಬನ ಹೆಸರು ನೆನಪಿಲ್ಲ ಎಂದಳು. ಅಣ್ಣನಿಗೆ ಕರುಳು ಚುರುಕ್ ಎಂದಿತು. "ಪಾಪದ ಕೂಸು. ಇವಳ ಮದುವೆಗೆ ಬಡಿಸ್ಲಿಕ್ಕೆ ಜನ ಎಲ್ಲಿಂದ ತರೂದು?"

ವಂಶದಲ್ಲಿ ಇನ್ಯಾರಿಗೆ ಕಣ್ಣಿನ ತೊಂದರೆ ಎಂದು ಕೇಳಿದಳು. ಅಜ್ಜ ದಿನಾ ಸಂಜೆ ಎಡವುತ್ತಿದ್ದ ಎಂದೆವು. ಅಜ್ಜ ದಿನಾ ಸಂಜೆ ಒಂದು ಲೇಹ್ಯ ತಿನ್ನುತ್ತಿದ್ದ, ಅದನ್ನು ತಿಂದವರು ಯಾರಾದರೂ ಎಡವುತ್ತಿದ್ದರು ಎಂಬುದನ್ನು ಹಿರಿಯರ ಮೇಲಿನ ಗೌರವದಿಂದ ಹೇಳಲಿಲ್ಲ.

"ನೀವಿಬ್ಬರೂ ಒಂದೇ ತಂದೆತಾಯಿಯ ಮಕ್ಕಳಲ್ಲವೇ?" ಎಂದು ಕೊನೆಗೆ ಕೇಳಿದಳು.

ಇದೆಂಥ ಪ್ರಶ್ನೆ ಎಂದು ನಾವು ಮುಖ ಮುಖ ನೋಡಿಕೊಂಡು ಹೌದೆಂದೆವು. ಸುಳ್ಳು ಹೇಳಿದೆವು ಎಂದು ನಮಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಟಿಶ್ಯೂ ಪೆಟ್ಟಿಗೆ

ಮಧ್ಯೆ ಕೆಲವು ದಿನ ಏನೂ ನಡೆಯಲಿಲ್ಲ. ಅಣ್ಣ ಅನ್ನವಿಲ್ಲದೆ ಸೊರಗಿದ್ದ. ಕಾದ್ರಿ ಕಾಮ ಎಂಬ ಒಂದು ಪುಡಿ ತಂದುಕೊಟ್ಟಳು. ಹುರಿದ ಧಾನ್ಯಗಳ ಹಿಟ್ಟು, ಮಜ್ಜಿಗೆಯಲ್ಲಿ ಕಲಸಿ ತಿನ್ನುವುದು. ನಮ್ಮ ಹುರಿಹಿಟ್ಟೇ. ಅಣ್ಣ ಎರಡು ಬಟ್ಟಲು ತಿಂದು, ಇವರೂ ಚಪ್ಪಲಿ ಬಿಟ್ಟು ಮನೆಯೊಳಗೆ ಬರುತ್ತಾರೆ, ಹುರಿಹಿಟ್ಟು ತಿನ್ನುತ್ತಾರೆ, ಮಾತಾಡಲು ಕಲಿತರೆ ಕೊಪ್ಪದಲ್ಲಿ ಬದುಕಬಹುದು ಎಂದು ತೀರ್ಪು ಕೊಟ್ಟ.

ನಮ್ಮ ರಕ್ತವನ್ನು ಮತ್ತೊಮ್ಮೆ ತೆಗೆದರು. ಯಾಕೆಂದರೆ ಹೇಳಲಿಲ್ಲ. ಕಾದ್ರಿ ನಮ್ಮನ್ನು ಕಂಡಾಗಲೆಲ್ಲ ನೆಲ ನೋಡತೊಡಗಿದಳು. ಶುಭಾಳಲ್ಲಿ ದೋಷ ಇದೆ, ಮದುವೆ ಮುರಿಯಿತು, ಇದನ್ನು ಫೋನಿನಲ್ಲಿ ಹೇಗೆ ಹೇಳುವುದು ಎಂದು ಯೋಚಿಸಿ ನನಗೆ ಊಟ ಸೇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅಣ್ಣನನ್ನು ಹೊರಗೆ ಕೂರಿಸಿ, ನನ್ನೊಬ್ಬಳನ್ನೇ ಒಳಗೆ ಕರೆದಳು. ಮೇಜಿನ ಮೇಲೆ ಚಹಾ, ಪಕ್ಕದಲ್ಲಿ ಟಿಶ್ಯೂ ಪೆಟ್ಟಿಗೆ. ಪೆಟ್ಟಿಗೆಯನ್ನು ನನ್ನ ಕಡೆ ಮೆಲ್ಲಗೆ ದೂಡಿದಳು.

"ನಿಮ್ಮ ಅಣ್ಣ ಹುಟ್ಟಿದ್ದು ಆಸ್ಪತ್ರೆಯಲ್ಲಿಯೇ?"

"ಇಲ್ಲ. ಮನೆಯಲ್ಲಿ."

"ಅಲ್ಲಿ ಆ ಹೊತ್ತಿಗೆ ಬೇರೆ ಮಗು ಏನಾದರೂ..."

"ನಂಗೆ ಗೊತ್ತಿದ್ದ ಹಾಗೆ ಕೊಟ್ಟಿಗೆಯಲ್ಲಿ ಒಂದು ಕರು ಇದ್ದಿರಬಹುದು."

ಅವಳು ನಗಲಿಲ್ಲ. ಉಸಿರು ಎಳೆದುಕೊಂಡು ಹೇಳಿದಳು. ಅಣ್ಣನ ದೋಷ ಸಿಕ್ಕಿದೆ. ಅವರ ಪಟ್ಟಿಯಲ್ಲಿ ಇಲ್ಲದ ಹೊಸ ದೋಷ, ಇನ್ನು ಮುಂದೆ ಪಟ್ಟಿಗೆ ಸೇರುತ್ತದೆ. ಅದು ನನ್ನಲ್ಲೂ ಇಲ್ಲ, ಶುಭಾಳಲ್ಲೂ ಇಲ್ಲ. ಆದರೆ ಅಣ್ಣ ತಂಗಿಯ ರಕ್ತ ಒಂದು ಕಡೆ ಹೊಂದದಿದ್ದರೆ ಇನ್ನೊಂದು ಕಡೆ ಹೊಂದಬೇಕು. ನಮ್ಮದು ಎಲ್ಲಿಯೂ ಹೊಂದುತ್ತಿಲ್ಲ. ಸೀಸೆ ಅದಲುಬದಲಾಯಿತೇನೋ ಎಂದು ಮತ್ತೆ ತೆಗೆದು ನೋಡಿದರು, ಅದೇ ಉತ್ತರ. "ನನಗೆ ಬಹಳ ವ್ಯಥೆಯಾಗುತ್ತಿದೆ. ಅವರು ನಿಮ್ಮ ತಂದೆತಾಯಿಗೆ ಹುಟ್ಟಿದವರಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಅದು ಊರಿಗೆಲ್ಲ ಗೊತ್ತು" ಎಂದೆ ನಾನು.

ಕಾದ್ರಿ ಟಿಶ್ಯೂ ಒಂದನ್ನು ತಾನೇ ತೆಗೆದುಕೊಂಡಳು.

ನಮ್ಮ ಅಪ್ಪ ಅಮ್ಮನಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಶೃಂಗೇರಿ ಕಡೆಯ ಒಂದು ಮನೆಯಿಂದ ಕೂಸನ್ನು ತಂದು, ಹೋಮ ಮಾಡಿ ದತ್ತು ತೆಗೆದುಕೊಂಡರು. ಅವನೇ ರಾಘಣ್ಣ. ಆಮೇಲೆ ನಾನು ಹುಟ್ಟಿದೆ. ಹೋಮವಾದ ದಿನವೇ ಅವನ ಗೋತ್ರ ಬದಲಾಯಿತು, ಅಪ್ಪನಿಗೆ ಶ್ರಾದ್ಧ ಮಾಡುವವನು ಅವನು. ಆಮೇಲೂ ಅವನನ್ನು ದತ್ತು ಎನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ರಕ್ತದ ಲೆಕ್ಕ ಹಾಕುವಾಗಲೂ ಅಣ್ಣನಿಗಾಗಲಿ ನನಗಾಗಲಿ ಅದು ನೆನಪಿಗೇ ಬರಲಿಲ್ಲ. ಇದನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ಕ್ಷೀಣವಾಗಿ.

"ನೀವು ಅಪ್ಪ ಅಮ್ಮ ಯಾರೆಂದು ಕೇಳಿದಿರಿ. ಯಾರಿದ್ದಾರೋ ಅವರನ್ನೇ ಹೇಳಿದೆವು."

ಹಾಗೆನ್ನುವಾಗ ನನಗೆ ಇನ್ನೊಂದು ಹೊಳೆಯಿತು. ಶೃಂಗೇರಿಯ ಆ ಮನೆಯ ಯಜಮಾನರು ಎಲ್ಲಿ ಮದುವೆಗೆ ಬಂದರೂ ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುತ್ತಿದ್ದರು. ಮುಸ್ಸಂಜೆ ದಾರಿಯಲ್ಲಿ ಎದುರಾದರೆ ಮಾತಾಡಿಸುತ್ತಿರಲಿಲ್ಲ. ಎಂಥ ಗರ್ವ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಪಾಪ, ಅವರಿಗೆ ನಾವು ಕಂಡೇ ಇರಲಿಲ್ಲ.

ತುಂಡು ಗೆರೆ

ಅಣ್ಣನನ್ನು ಒಳಗೆ ಕರೆದು ಹೇಳಿದೆವು. ಶುಭಾಳಲ್ಲಿ ದೋಷವಿಲ್ಲ, ಮಕ್ಕಳಿಬ್ಬರಿಗೂ ರಕ್ತಸಂಬಂಧವೇ ಇಲ್ಲ, ಮೊಮ್ಮಕ್ಕಳ ಕಣ್ಣಿಗೆ ಈ ಭಯ ಬೇಡ. ಅವನು ಎರಡೂ ಕೈ ಮುಗಿದು ಕಣ್ಣು ಮುಚ್ಚಿಕೊಂಡ. ನನಗೆ ಅಳು ಬಂತು. ಟಿಶ್ಯೂ ಕೊನೆಗೂ ನನ್ನ ಉಪಯೋಗಕ್ಕೆ ಬಂತು.

ಕಾದ್ರಿ ವಂಶವೃಕ್ಷವನ್ನು ಹೊಸದಾಗಿ ಬರೆದು ತಂದಳು. ಅಣ್ಣ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅವನ ಚೌಕಕ್ಕೆ ಎರಡು ಬದಿ ಕಂಸ ಹಾಕಿತ್ತು. ಅಪ್ಪ ಅಮ್ಮನಿಂದ ನನಗೆ ಇಳಿದ ಗೆರೆ ಇಡಿಯಾಗಿತ್ತು. ಅವನಿಗೆ ಇಳಿದದ್ದು ತುಂಡು ತುಂಡು.

"ನಂದ್ಯಾಕೆ ಹರ್ದು ಹೋಗಿದೆ?"

ದತ್ತು ಬಂದವರಿಗೆ ಹಾಗೇ ಹಾಕುವುದು ಎಂದು ಕಾದ್ರಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಲಾರದೆ ಹೇಳಿದೆ. ಅವನು ಅವಳ ಪೆನ್ನು ತೆಗೆದುಕೊಂಡು, ಮೇಜಿನ ಮೇಲೆ ಬಗ್ಗಿ, ತುಂಡುಗಳ ನಡುವಿನ ಸಂದುಗಳನ್ನು ಒಂದೊಂದಾಗಿ ತುಂಬತೊಡಗಿದ.

ಕಾದ್ರಿ ಗಾಬರಿಯಾದಳು. "ದಯವಿಟ್ಟು ಬೇಡ. ಆ ಗೆರೆ ಕೂಡಿದರೆ ಮಕ್ಕಳು ಮತ್ತೆ ರಕ್ತಸಂಬಂಧಿಗಳಾಗುತ್ತಾರೆ. ನಾನು ಮದುವೆಗೆ ಅಪಾಯವಿದೆ ಎಂದು ಬರೆಯಬೇಕಾಗುತ್ತದೆ."

ಅಣ್ಣನ ಕೈ ಕೊನೆಯ ಸಂದಿನ ಮೇಲೆ ನಿಂತಿತು.

"ಕೂಡಿಸಿದ್ರೆ ಸೊಸೆ ಇಲ್ಲ, ಬಿಟ್ರೆ ತಂಗಿ ಇಲ್ಲ. ಎಂತ ಚಾರ್ಟ್ ಮಾರಾಯ್ತಿ ಇದು" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಅಲ್ಲ, ಶುಭನ್ನ ಮಂಟಪಕ್ಕೆ ಕರ್ಕಂಡು ಬರೂದು ಸೋದರಮಾವ. ಇವಳ ಲೆಕ್ಕದಲ್ಲಿ ಅದು ಯಾರು? ಇವಳು ಬರ್ತಾಳಾ?"

ನನಗೆ ನಗು ಬಂತು. ಝೆರಾಕ್ಸ್ ಅಂಗಡಿಯವಳ ಬುದ್ಧಿ ಸಮಯಕ್ಕೆ ನೆರವಾಯಿತು. ಎರಡು ಪ್ರತಿ ಮಾಡಿ ಎಂದೆ. ಒಂದು ಡಾಕ್ಟರಿಗೆ, ತುಂಡು ಗೆರೆಯದು. ಒಂದು ಮನೆಗೆ. ಕಾದ್ರಿ ಇಂಥದ್ದನ್ನು ಎಂದೂ ಮಾಡಿರಲಿಲ್ಲವಂತೆ. ಆದರೂ ಎದ್ದು ಹೋಗಿ ಇನ್ನೊಂದು ಮುದ್ರಿಸಿ ತಂದಳು. ಅಣ್ಣ ಅದರಲ್ಲಿ ಎಲ್ಲ ಸಂದುಗಳನ್ನೂ ತುಂಬಿದ, ಸಾಲದೆಂದು ಗೆರೆಯ ಮೇಲೆ ಇನ್ನೆರಡು ಸಲ ತಿದ್ದಿದ. ನನ್ನದಕ್ಕಿಂತ ಅವನದೇ ದಪ್ಪವಾಯಿತು.

ಹೊರಡುವ ದಿನ

ವಾರವೆಲ್ಲ ಮುಖ ತೋರಿಸದ ಸೂರ್ಯ ಅಂದು ಹೊರಬಿದ್ದ. ತುರ್ಕಿ ಅಜ್ಜ ಅಣ್ಣನನ್ನು ತಬ್ಬಿಕೊಂಡು ಬೀಳ್ಕೊಟ್ಟ. ಅಣ್ಣ ಅವನಿಗೆ ಮದುವೆಗೆ ಬರಲು ಕನ್ನಡದಲ್ಲಿ ಹೇಳಿದ. ಅವನು ತುರ್ಕಿಯಲ್ಲಿ ಒಪ್ಪಿದ.

ಟ್ರಾಮ್ ನಿಲ್ದಾಣಕ್ಕೆ ನಡೆದು ಹೋಗುವುದೆಂದಾಯಿತು. ಹನ್ನೆರಡು ಗಂಟೆಯ ಬಿಸಿಲು. ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ದಾರಿ ಅಗಲವಾಗಿತ್ತು, ಒಂದು ಕಲ್ಲೂ ಎದ್ದಿರಲಿಲ್ಲ. ಕತ್ತಲಾಗಲು ಬೇಕಾದಷ್ಟು ಹೊತ್ತಿತ್ತು. ನಾನು ಮುಂದೆ ನಡೆಯುತ್ತಿದ್ದೆ. ಹಿಂದಿನಿಂದ ಬಂದು ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ.

"ಅಣ್ಣಯ್ಯ, ಬಿಸಿಲಿದೆ. ಕಾಣೂದಿಲ್ವಾ?"

"ಕಾಣ್ತದೆ. ನೀನು ನಡಿ."